ಓದುಗರ ಪ್ರಶ್ನೆಗೆ ವೈದ್ಯರ ಉತ್ತರ: ಥೈರಾಯ್ಡ್ ಕ್ಯಾನ್ಸರ್ ಹೆಚ್ಚಾಗಿದೆಯೇ?

ಪ್ರಶ್ನೆ: ನಮ್ಮ ಓಣಿಯಲ್ಲಿ ಎರಡು ವರ್ಷಗಳೊಳಗೆ ಮೂವರು ಹೆಂಗಸರಿಗೆ ಥೈರಾಯ್ಡ್ ಕ್ಯಾನ್ಸರ್ ಎಂದು ಶಸ್ತ್ರಚಿಕಿತ್ಸೆಯಾಗಿದೆ. ನಮ್ಮ ತಾಯಿಯ ಕಾಲದಲ್ಲಿ ಈ ರೋಗದ ಹೆಸರನ್ನೇ ಕೇಳಿರಲಿಲ್ಲ. ದೇಶದಲ್ಲಿ ಇದು ನಿಜಕ್ಕೂ ಹೆಚ್ಚುತ್ತಿದೆಯೇ? ಕೈಗಾ ಅಣುವಿದ್ಯುತ್ ಸ್ಥಾವರವೇ ಕಾರಣ ಎನ್ನುವವರೂ ಇದ್ದಾರೆ. (ಕಾರವಾರದ ಓದುಗರು)

ಉತ್ತರ: ಲೆಕ್ಕದಲ್ಲಿ ಹೆಚ್ಚುತ್ತಿರುವುದು ನಿಜ. ರಾಷ್ಟ್ರೀಯ ಕ್ಯಾನ್ಸರ್ ನೋಂದಣಿ ಕಾರ್ಯಕ್ರಮದ ಅಂಕಿಗಳ ಪ್ರಕಾರ, 2006ರ ಸುಮಾರಿಗೆ ಲಕ್ಷ ಮಹಿಳೆಯರಲ್ಲಿ ವರ್ಷಕ್ಕೆ ಸುಮಾರು 2.5ರಷ್ಟಿದ್ದ ಹೊಸ ಪ್ರಕರಣಗಳು 2014ರ ಹೊತ್ತಿಗೆ 3.5ಕ್ಕೆ ಏರಿದ್ದವು, ಪುರುಷರಲ್ಲಿ ಏರಿಕೆ ಇದಕ್ಕಿಂತ ಕಡಿಮೆ. ಪ್ರದೇಶದಿಂದ ಪ್ರದೇಶಕ್ಕೆ ಇರುವ ಅಂತರವಂತೂ ಹತ್ತು ಪಟ್ಟಿನವರೆಗೆ ಹೋಗುತ್ತದೆ, ತಿರುವನಂತಪುರದಂಥ ಕಡೆ ಪ್ರಮಾಣ ಬಹಳ ಹೆಚ್ಚು. ಜನರ ಕೊರಳು ಊರಿಂದೂರಿಗೆ ಇಷ್ಟೊಂದು ಬದಲಾಗಲಾರದು. ಸ್ಕ್ಯಾನ್ ಯಂತ್ರ ಎಷ್ಟು ಕೈಗೆಟಕುತ್ತದೆ ಎಂಬುದು ಬದಲಾಗುತ್ತದೆ.

ಇದನ್ನು ಅತ್ಯಂತ ಸ್ಪಷ್ಟವಾಗಿ ತೋರಿಸಿಕೊಟ್ಟದ್ದು ದಕ್ಷಿಣ ಕೊರಿಯಾ. ಅಲ್ಲಿ 1999ರಲ್ಲಿ ಆರಂಭವಾದ ಸರಕಾರಿ ಕ್ಯಾನ್ಸರ್ ತಪಾಸಣೆಯ ಪಟ್ಟಿಯಲ್ಲಿ ಥೈರಾಯ್ಡ್ ಇರಲಿಲ್ಲವಾದರೂ, ಸ್ವಲ್ಪ ಹಣ ಕೊಟ್ಟರೆ ಕುತ್ತಿಗೆಯ ಅಲ್ಟ್ರಾಸೌಂಡನ್ನೂ ಮಾಡಿಸಿಕೊಳ್ಳಬಹುದಾಗಿತ್ತು. 2011ರಲ್ಲಿ ಪತ್ತೆಯಾದ ಪ್ರಮಾಣ 1993ರದಕ್ಕಿಂತ 15 ಪಟ್ಟಾಯಿತು, ಒಂದೇ ವರ್ಷದಲ್ಲಿ 40,000ಕ್ಕೂ ಹೆಚ್ಚು ಮಂದಿ ರೋಗಿಗಳೆನಿಸಿಕೊಂಡರು. ಆದರೆ ಈ ಕ್ಯಾನ್ಸರಿನಿಂದ ಸಾಯುವವರ ಸಂಖ್ಯೆ ಮೊದಲಿನಷ್ಟೇ ಇತ್ತು. 2014ರಲ್ಲಿ ಅಲ್ಲಿನ ವೈದ್ಯರ ಒಂದು ಗುಂಪು ಈ ತಪಾಸಣೆಯನ್ನು ಬಹಿರಂಗವಾಗಿ ವಿರೋಧಿಸಿದ ಮೇಲೆ ಶಸ್ತ್ರಚಿಕಿತ್ಸೆಗಳು ಒಂದೇ ವರ್ಷದಲ್ಲಿ ಮೂರನೆಯ ಒಂದು ಭಾಗದಷ್ಟು ಇಳಿದವು. ನಿಜವಾದ ರೋಗ ಹೀಗೆ ಒಂದು ಹೇಳಿಕೆಗೆ ಹೆದರಿ ಇಳಿಯುವುದಿಲ್ಲ.

ಇಷ್ಟೊಂದು ಗಂಟುಗಳು ಎಲ್ಲಿ ಅಡಗಿದ್ದವು ಎಂದು ಕೇಳಬಹುದು. ಫಿನ್‌ಲ್ಯಾಂಡಿನಲ್ಲಿ ಬೇರೆ ಬೇರೆ ಕಾರಣಗಳಿಂದ ಸತ್ತ 101 ಜನರ ಥೈರಾಯ್ಡನ್ನು ತೆಳುವಾಗಿ ಕತ್ತರಿಸಿ ನೋಡಿ 1985ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಮೂರರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿಯಲ್ಲಿ ಥೈರಾಯ್ಡ್ ಕ್ಯಾನ್ಸರಿನಲ್ಲೇ ಅತಿ ಸಾಮಾನ್ಯ ಬಗೆಯಾದ ಪ್ಯಾಪಿಲರಿ ಕ್ಯಾನ್ಸರಿನ ಕಿರಿಯ ಗಂಟುಗಳಿದ್ದವು. ಅವರಿಗೆ ಬದುಕಿನುದ್ದಕ್ಕೂ ಅದು ತಿಳಿದಿರಲಿಲ್ಲ. ಕಳೆದ ಮಳೆಗಾಲದಲ್ಲಿ ನನ್ನಲ್ಲಿಗೆ ಅಂಕೋಲೆ ಕಡೆಯ ಮೀನು ಮಾರುವ ಮಹಿಳೆಯೊಬ್ಬರು ಬಂದಿದ್ದರು. ಬುಟ್ಟಿ ಹೊತ್ತು ಬಂದ ಕುತ್ತಿಗೆ ನೋವಿಗೆಂದು ಎಲ್ಲೋ ಸ್ಕ್ಯಾನ್ ಮಾಡಿಸಿದಾಗ ಥೈರಾಯ್ಡಿನಲ್ಲಿ 5 ಮಿಲಿಮೀಟರಿನ, ಅಂದರೆ ಒಂದು ಕಾಳುಮೆಣಸಿನಷ್ಟರ ಗಂಟು ಕಂಡಿತ್ತು. ನೋವಿಗೂ ಗಂಟಿಗೂ ಸಂಬಂಧವೇ ಇರಲಿಲ್ಲ. ಆದರೆ ಅವರು ತಿಂಗಳಿಂದ ಪೇಟೆಗೆ ಹೋಗುವುದನ್ನೇ ಬಿಟ್ಟಿದ್ದರು.

ಕೈಗಾದ ಅನುಮಾನವನ್ನು ನಾನು ಹಗುರವಾಗಿ ತಳ್ಳಿಹಾಕುವುದಿಲ್ಲ, ಏಕೆಂದರೆ ವಿಕಿರಣದಿಂದ ಥೈರಾಯ್ಡ್ ಕ್ಯಾನ್ಸರ್ ಬರುವುದು ಸಿದ್ಧವಾದ ಸಂಗತಿ. 1986ರ ಚೆರ್ನೋಬಿಲ್ ಅಪಘಾತದಲ್ಲಿ ಹೊರಬಿದ್ದ ಅಯೋಡಿನ್-131 ಎಂಬ ವಿಕಿರಣ ಸೂಸುವ ವಸ್ತು ಹುಲ್ಲಿನ ಮೂಲಕ ಹಸುವಿನ ಹಾಲಿಗೆ, ಹಾಲಿನ ಮೂಲಕ ಮಕ್ಕಳಿಗೆ ತಲುಪಿತು. ಕೆಲವೇ ವರ್ಷಗಳಲ್ಲಿ ಬೆಲಾರೂಸ್, ಉಕ್ರೇನ್‌ಗಳಲ್ಲಿ ರೋಗ ಕಾಣಿಸಿಕೊಂಡದ್ದು ಮುಖ್ಯವಾಗಿ ಅಪಘಾತದ ವೇಳೆ ಚಿಕ್ಕವರಾಗಿದ್ದವರಲ್ಲಿ. ದೇಶದಲ್ಲಿ ಈಗ ಏರುತ್ತಿರುವುದು ಬಹುಮಟ್ಟಿಗೆ ವಯಸ್ಕ ಮಹಿಳೆಯರ ಸಣ್ಣ ಗಂಟುಗಳ ಲೆಕ್ಕ. ಒಂದು ಓಣಿಯ ಮೂರು ಪ್ರಕರಣಗಳಿಂದ ಸ್ಥಾವರದ ಪರವಾಗಿಯಾಗಲಿ ವಿರುದ್ಧವಾಗಿಯಾಗಲಿ ಏನೂ ಸಾಬೀತಾಗದು. ಆ ಮೂವರ ಗಂಟು ಹೇಗೆ ಪತ್ತೆಯಾಯಿತು ಎಂದು ವಿಚಾರಿಸಿ ನೋಡಿ.

ಪ್ರಶ್ನೆ: ನಾವು ತಲೆತಲಾಂತರದಿಂದ ಸಾಣಿಕಟ್ಟೆಯ ಹರಳುಪ್ಪು ಬಳಸುವವರು. ಸಮುದ್ರದ ಉಪ್ಪಿನಲ್ಲಿ ಅಯೋಡಿನ್ ಇದ್ದೇ ಇರುವುದರಿಂದ ನಮಗೆ ಥೈರಾಯ್ಡ್ ತೊಂದರೆಯ ಭಯವಿಲ್ಲವಷ್ಟೆ? (ಕುಮಟಾದ ಓದುಗರು)

ಉತ್ತರ: ಇದು ಕರಾವಳಿಯ ಹಳೆಯ ತಪ್ಪು ತಿಳಿವಳಿಕೆ. ಬಿಸಿಲಿಗೆ ಒಣಗಿದ ಉಪ್ಪಿನಲ್ಲಿ ಉಳಿಯುವ ಅಯೋಡಿನ್ ಅತ್ಯಲ್ಪ. ಅದು ಸಿಗುವುದು ಮೀನು, ಸಿಗಡಿಗಳಿಂದ. ಸಸ್ಯಾಹಾರಿಗಳಾದರೆ ಅಯೋಡಿನ್ ಬೆರೆಸಿದ ಉಪ್ಪು ಬೇಕೇ ಬೇಕು. ಅಯೋಡಿನ್ ಕೊರತೆಯಿಂದ ಗಳಗಂಡ ಬರುತ್ತದೆ, ಫಾಲಿಕ್ಯುಲರ್ ಎಂಬ ಬಗೆಯ ಕ್ಯಾನ್ಸರಿಗೂ ಆ ಕೊರತೆಗೂ ನಂಟಿದೆ.

ಪ್ರಶ್ನೆ: 7 ಮಿಲಿಮೀಟರಿನ ಪ್ಯಾಪಿಲರಿ ಕ್ಯಾನ್ಸರ್ ಎಂದಿದ್ದಾರೆ. ಕೂಡಲೇ ತೆಗೆಸಬೇಕೇ? (ಶಿರಸಿಯ ಓದುಗರು)

ಉತ್ತರ: ಗಂಟು ಶ್ವಾಸನಾಳಕ್ಕಾಗಲಿ ಧ್ವನಿಯ ನರಕ್ಕಾಗಲಿ ಅಂಟಿಕೊಂಡಿರದೆ, ಕುತ್ತಿಗೆಯ ದುಗ್ಧಗ್ರಂಥಿಗಳಿಗೆ (ಲಿಂಫ್ ನೋಡ್) ಹಬ್ಬಿರದಿದ್ದರೆ, ನಿಯತವಾಗಿ ಸ್ಕ್ಯಾನ್ ಮಾಡುತ್ತ ಕಾಯುವುದೂ ಒಪ್ಪಿತ ಮಾರ್ಗವೇ. ಜಪಾನಿನ ಕೋಬೆಯ ವೈದ್ಯರು 1993ರಿಂದಲೇ ಇದನ್ನು ಅನುಸರಿಸುತ್ತಿದ್ದು, ಹೆಚ್ಚಿನವರ ಗಂಟು ಬೆಳೆಯಲೇ ಇಲ್ಲ. ಪೂರ್ತಿ ಗ್ರಂಥಿ ತೆಗೆದರೆ ಬದುಕಿಡೀ ಬೆಳಗ್ಗೆ ಬರಿಹೊಟ್ಟೆಯಲ್ಲಿ ಮಾತ್ರೆ ನುಂಗಬೇಕು ಎಂಬುದನ್ನೂ ತೂಗಿ ನೋಡಿ. ಗಂಟು ಬೇಗ ದೊಡ್ಡದಾದರೆ, ದನಿ ಒಡೆದರೆ, ಬಾಲ್ಯದಲ್ಲಿ ಕುತ್ತಿಗೆಗೆ ವಿಕಿರಣ ಚಿಕಿತ್ಸೆ ಆಗಿದ್ದರೆ ಮಾತ್ರ ತಡಮಾಡಬಾರದು. ಹುಬ್ಬಳ್ಳಿಗೋ ಮಣಿಪಾಲಕ್ಕೋ ಎರಡನೆಯ ಅಭಿಪ್ರಾಯಕ್ಕೆ ಹೋಗುವಾಗ ಮೊದಲ ಸ್ಕ್ಯಾನಿನ ಚಿತ್ರಗಳನ್ನೂ ಬಯಾಪ್ಸಿಯ ಗಾಜಿನ ಸ್ಲೈಡನ್ನೂ ತಪ್ಪದೆ ಒಯ್ಯಿರಿ.