ಧೈರ್ಯ ಮೊದಲೋ, ಹೆಜ್ಜೆ ಮೊದಲೋ?

ಪ್ರಶ್ನೆ: ಹದಿನಾಲ್ಕು ವರ್ಷದಿಂದ ಲೆಕ್ಕಪತ್ರದ ಕೆಲಸದಲ್ಲಿದ್ದೇನೆ. ಮಕ್ಕಳಿಗೆ ಚಿತ್ರಕಲೆ ಹೇಳಿಕೊಡಬೇಕೆಂಬ ಆಸೆ ಬಹಳ ಹಳೆಯದು. ಸ್ಫೂರ್ತಿಯ ಭಾಷಣ ಕೇಳಿದರೆ ಎರಡು ದಿನ ಹುರುಪು, ಮೂರನೇ ದಿನ ಮತ್ತದೇ ಅಳುಕು. ಧೈರ್ಯ ಬರುವುದು ಹೇಗೆ?

ಉತ್ತರ: ಧೈರ್ಯ ಬರಲಿ, ಆಮೇಲೆ ಶುರು ಮಾಡೋಣ ಎಂದು ಕೂತರೆ ಅದು ಬರುವುದೇ ಇಲ್ಲ. ‘ಇದು ನನ್ನಿಂದಾಗುತ್ತದೆ’ ಎಂಬ ನಂಬಿಕೆಗೆ ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಬಂಡೂರ 1977ರಲ್ಲಿ ನಾಲ್ಕು ಮೂಲ ಗುರುತಿಸಿದರು: ಸ್ವತಃ ಮಾಡಿ ಗೆದ್ದದ್ದು, ನಮ್ಮಂಥವರು ಮಾಡಿದ್ದನ್ನು ಕಂಡದ್ದು, ಇತರರು ಹುರಿದುಂಬಿಸಿದ್ದು, ಆ ಹೊತ್ತಿನ ಮೈ-ಮನಸ್ಸಿನ ಸ್ಥಿತಿ. ಎಲ್ಲಕ್ಕಿಂತ ಗಟ್ಟಿ ಮೊದಲನೆಯದು. ಭಾಷಣ ಮೂರನೆಯದಕ್ಕೆ ಸೇರಿದ್ದು, ಅದಕ್ಕೇ ಹುರುಪು ಬೇಗ ಇಳಿಯುತ್ತದೆ.

ಆಸೆಗೆ ಸಂಬಂಧಿಸಿದ ಎಂಟು-ಹತ್ತು ಕೆಲಸಗಳನ್ನು ಹಾಳೆಯಲ್ಲಿ ಬರೆದು, ಒಂದೊಂದಕ್ಕೂ ಎಷ್ಟು ಭಯವೆಂದು ನೂರಕ್ಕೆ ಅಂಕ ಕೊಡಿ. ಪರಿಚಯದ ಒಂದು ಮಗುವಿಗೆ ಅರ್ಧ ಗಂಟೆ ಹೇಳಿಕೊಡುವುದು 30 ಇರಬಹುದು, ಐದು ಮಕ್ಕಳ ತರಗತಿ 55, ಶುಲ್ಕ ಕೇಳುವುದು 70, ಕೆಲಸ ಬಿಡುವುದು 100. ಮೂವತ್ತು-ನಲವತ್ತರ ಆಸುಪಾಸಿನದನ್ನು ಮೊದಲು ಹಿಡಿಯಿರಿ. ತೀರಾ ಸುಲಭದ್ದಾದರೆ ಅದನ್ನು ಗೆಲುವೆಂದು ಮನಸ್ಸು ಒಪ್ಪುವುದಿಲ್ಲ. ತೀರಾ ಕಷ್ಟದ್ದಾದರೆ ಅರ್ಧಕ್ಕೇ ಎದ್ದು ಬರುತ್ತೀರಿ. ಹಾಗೆ ತಪ್ಪಿಸಿಕೊಂಡಾಗ ಸಿಗುವ ನಿರಾಳವೇ ದೊಡ್ಡ ಅಪಾಯ: ಓಡಿಬಂದರೆ ಹಾಯೆನಿಸುತ್ತದೆ ಎಂದು ಮೆದುಳು ಕಲಿತುಬಿಡುತ್ತದೆ, ಮುಂದಿನ ಸಲ ಭಯ ಇನ್ನೂ ಬಲಿಯುತ್ತದೆ.

‘ಸಮಯ ಸಿಕ್ಕಾಗ’ ಎನ್ನಬೇಡಿ. ‘ಶನಿವಾರ ಸಂಜೆ 5 ಗಂಟೆಗೆ, ನಡುಮನೆಯಲ್ಲಿ’ ಎಂದು ಬರೆಯಿರಿ. ಮಾಡುವ ಮುಂಚೆ, ಏನು ಕೆಟ್ಟದಾಗಬಹುದೆಂಬ ಭಯವಿದೆಯೋ ಅದನ್ನು ಒಂದು ಸಾಲಿನಲ್ಲಿ ಬರೆಯಿರಿ. ಮುಗಿದ ಮೇಲೆ ನಿಜಕ್ಕೂ ಏನಾಯಿತೆಂದು ಅದರ ಪಕ್ಕದಲ್ಲೇ ಬರೆಯಿರಿ. ಹೆಚ್ಚಿನವರು ಕೈಬಿಡುವುದು ಇದನ್ನೇ. ಬರೆದಿಡದಿದ್ದರೆ ಗೆದ್ದದ್ದೂ ಅದೃಷ್ಟದ ಲೆಕ್ಕಕ್ಕೆ ಹೋಗುತ್ತದೆ. ಅಂಕ ಅರ್ಧಕ್ಕಿಳಿಯುವ ತನಕ ಅದೇ ಕೆಲಸವನ್ನು ಮತ್ತೆ ಮತ್ತೆ ಮಾಡಿ, ಆಮೇಲೆ ಮುಂದಿನದು. ಕೆಲಸ ಬಿಡುವ ಮಾತು ಕಟ್ಟಕಡೆಗೆ. ಕನಿಷ್ಠ ಆರು ತಿಂಗಳ ಮನೆಖರ್ಚು ಕೈಯಲ್ಲಿರಲಿ.

ಪ್ರಶ್ನೆ: ದಿನವೂ ಪ್ರಾರ್ಥಿಸುತ್ತೇನೆ. ಆದರೂ ಹೊಸದೇನಾದರೂ ಎದುರಾದರೆ ಎದೆ ಡವಗುಟ್ಟುತ್ತದೆ. ನನ್ನ ನಂಬಿಕೆಯೇ ಕಡಿಮೆಯೇ?

ಉತ್ತರ: ಖಂಡಿತ ಅಲ್ಲ. ಎದೆ ಡವಗುಟ್ಟುವುದು ಅಳುಕಿದಾಗ ದೇಹದಲ್ಲಿ ಹೆಚ್ಚುವ ಹಾರ್ಮೋನ್ ಅಡ್ರಿನಲಿನ್‌ನ ಕೆಲಸ, ದೇಹದ ಸಿದ್ಧತೆ. ಭಕ್ತಿಯನ್ನು ಅದರಿಂದ ಅಳೆಯಬೇಡಿ. ನಾಲ್ಕು ಸೆಕೆಂಡು ಉಸಿರೆಳೆದು, ಆರು ಸೆಕೆಂಡು ನಿಧಾನ ಬಿಡಿ. ನಿಮಿಷಕ್ಕೆ ಆರು ಉಸಿರಾಟದಂತೆ ಐದು ನಿಮಿಷ ಸಾಕು. ತಲೆ ಸುತ್ತಿದಂತಾದರೆ ಬಲವಂತವಾಗಿ ಎಳೆಯುತ್ತಿದ್ದೀರಿ ಎಂದರ್ಥ, ಹಗುರ ಮಾಡಿ. ಇನ್ನೊಂದು ಮಾತು: ಸೂಚನೆ ಬರಲೆಂದು ಕಾಯುವುದೇ ಪ್ರಾರ್ಥನೆಯಾಗದಿರಲಿ. ಕೈಮುಗಿದು ಎದ್ದ ಕೂಡಲೇ ಆ ದಿನದ ಒಂದು ಸಣ್ಣ ಕೆಲಸ ಮುಗಿಸಿ.

ಪ್ರಶ್ನೆ: ಏನು ಹೇಳಿದರೂ ಮನೆಯವರು ‘ಬೇಡ’ ಎನ್ನುತ್ತಾರೆ.

ಉತ್ತರ: ಒಪ್ಪಿಗೆ ಕೇಳುವ ಬದಲು ಅವರ ಭಯದ ವಿವರ ಕೇಳಿ. ‘ಒಂದು ವರ್ಷ ಕಳೆದಿದೆ, ಇದು ಸೋತುಹೋಗಿದೆ ಎಂದುಕೊಳ್ಳಿ. ಯಾಕೆ ಸೋತಿತು?’ ಎಂದು ಕೇಳಿ, ಹತ್ತು ನಿಮಿಷ ಎಲ್ಲರೂ ಬೇರೆ ಬೇರೆಯಾಗಿ ಬರೆಯಲಿ. ನಡುವೆ ವಾದ ಬೇಡ. ತಡೆಯಬಹುದಾದ ಕಾರಣಗಳಿಗೆ ಒಂದೊಂದು ಉಪಾಯ ಹೂಡಿ, ತಿಂಗಳ ನಂತರ ಅದೇ ಹಾಳೆ ಹಿಡಿದು ಮತ್ತೆ ಕೂತು ಮಾತಾಡಿ.