ಅಮೆರಿಕ ಸರ್ಕಾರದ ವೈದ್ಯಕೀಯ ಸಂಶೋಧನಾ ಸಂಸ್ಥೆ ಎನ್‌ಐಎಚ್ ಓದಿನ ಸಾಲ ತೀರಿಸಿಕೊಡುವುದರಿಂದ ಯುವ ಸಂಶೋಧಕರಿಗೆ ನಿಜಕ್ಕೂ ಉಪಯೋಗವಿದೆಯಾ?

ಇದೆ ಅಂತಲೇ ನನ್ನ ಅಭಿಪ್ರಾಯ. ಅಮೆರಿಕದಲ್ಲಿ ವೈದ್ಯಕೀಯ ಓದು ಮುಗಿಸಿದವರ ತಲೆ ಮೇಲೆ ಎಷ್ಟೋ ಸಲ ಲಕ್ಷ ಡಾಲರ್‌ಗೂ ಜಾಸ್ತಿ ಸಾಲ ಇರುತ್ತದೆ. ಕ್ಲಿನಿಕ್‌ನಲ್ಲಿ ಒಳ್ಳೆ ದುಡ್ಡು, ಲ್ಯಾಬ್‌ನಲ್ಲಿ ಕಡಿಮೆ ಸಂಬಳ. ಹಾಗಾಗಿ ಆಸೆಯಿದ್ದರೂ ಸಂಶೋಧನೆ ಬಿಡುತ್ತಾರೆ. ಇಂಥವರಿಗೆ ಎನ್‌ಐಎಚ್ ವರ್ಷಕ್ಕೆ 50,000 ಡಾಲರ್‌ವರೆಗೆ ಸಾಲ ಕಟ್ಟುತ್ತದೆ. ಬದಲಿಗೆ ಸಾಮಾನ್ಯವಾಗಿ ಎರಡು ವರ್ಷ, ವಾರಕ್ಕೆ ಕನಿಷ್ಠ 20 ಗಂಟೆ ಸಂಶೋಧನೆ ಮಾಡಬೇಕು.

ಆದರೆ ನೆರವು ಸಿಕ್ಕವರು ಸಂಶೋಧನೆಯಲ್ಲೇ ಉಳಿದರು ಅಂತ ಸುಮ್ನೆ ಎಣಿಸಿದರೆ ಏನೂ ಸಾಬೀತಾಗುವುದಿಲ್ಲ, ಯಾಕೆಂದರೆ ಆಯ್ಕೆಯಾದವರು ಮೊದಲೇ ಚುರುಕಿನವರು, ಹೇಗಿದ್ದರೂ ಉಳಿಯುತ್ತಿದ್ದರೇನೋ, ಅಲ್ವಾ? ಅದಕ್ಕೇ ಅರ್ಜಿಗೆ ಸಿಕ್ಕ ಅಂಕದಲ್ಲಿ ಕೂದಲೆಳೆಯಷ್ಟು ಅಂತರದಿಂದ ಆಯ್ಕೆಯಾದವರನ್ನೂ ಅಷ್ಟೇ ಅಂತರದಲ್ಲಿ ಆಯ್ಕೆ ತಪ್ಪಿದವರನ್ನೂ ಹೋಲಿಸಬೇಕು. ಇಬ್ಬರ ಯೋಗ್ಯತೆ ಹೆಚ್ಚುಕಡಿಮೆ ಒಂದೇ, ಬೇರೆಯಾದದ್ದು ದುಡ್ಡು ಮಾತ್ರ. ಎನ್‌ಐಎಚ್ ಮಾಡಿಸಿದ ಮೌಲ್ಯಮಾಪನ ಹೀಗೇ ನೋಡಿತು. ನೆರವು ಪಡೆದವರು ಸಂಶೋಧನೆಯಲ್ಲಿ ಹೆಚ್ಚು ಕಾಲ ಉಳಿದಿದ್ದರು.

ಪ್ರಬಂಧಗಳ ಸಂಖ್ಯೆಗಿಂತ ಐದು, ಹತ್ತು ವರ್ಷದ ಮೇಲೂ ಲ್ಯಾಬ್‌ನಲ್ಲಿದ್ದಾರಾ, ಸ್ವಂತ ಅನುದಾನಕ್ಕೆ ಅರ್ಜಿ ಹಾಕಿದರಾ ಅನ್ನುವುದೇ ನನಗೆ ಮುಖ್ಯ. ಒಂದು ಮಾತು: ಇದು ಅಮೆರಿಕದ ಪೌರರಿಗೆ, ಗ್ರೀನ್ ಕಾರ್ಡ್ ಇದ್ದವರಿಗೆ ಮಾತ್ರ. ಎಚ್‌-1ಬಿ ವೀಸಾದಲ್ಲಿರುವ ನಮ್ಮ ಹುಡುಗರು ಅರ್ಜಿ ಹಾಕುವಂತಿಲ್ಲ.