ಬಾವಲಿ ದಾರಿಯ ಶಾಲೆಗೂ ಕೋರ್ಟಿಗೂ ಏನು ಸಂಬಂಧ?

ಬೆಂಗಳೂರಿನ ಕೋರ್ಟಿನಲ್ಲಿ ನಡೆಯುವ ಕೇಸಿನಿಂದ ಕಾಡಂಚಿನ ಮಕ್ಕಳಿಗೆ ಏನಾಗುತ್ತದೆ ಅಂತ ಕೇಳಿದಿರಿ. ಬಹಳ ಆಗುತ್ತದೆ.

ನಮ್ಮದು ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆ ತಾಲ್ಲೂಕು. ಬಾವಲಿ ಚೆಕ್‌ಪೋಸ್ಟ್ ದಾಟಿದರೆ ಕೇರಳದ ವಯನಾಡು. ಸಂಜೆ ಆರಕ್ಕೆ ಕಾಡಿನ ಗೇಟು ಹಾಕಿದರೆ ತೆಗೆಯುವುದು ಬೆಳಿಗ್ಗೆ ಆರಕ್ಕೆ. ಜೇನು ಕುರುಬರು, ಬೆಟ್ಟ ಕುರುಬರು, ಯರವರ ಹಾಡಿಗಳು, ಅಂದರೆ ಆದಿವಾಸಿ ಕೇರಿಗಳು, ಈ ಕಡೆ ಜಾಸ್ತಿ. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಕೊಡಗು, ವಯನಾಡಿನಲ್ಲಿ ಕಾಫಿ ಕುಯ್ಲು. ಹಾಡಿಯವರನ್ನು ತೋಟದ ಜೀಪು ಬಂದು ಕರೆದೊಯ್ಯುತ್ತದೆ. ಕೆಲವರು ಸಂಜೆ ವಾಪಸ್ ಬರುತ್ತಾರೆ, ಕೆಲವರು ತೋಟದ ಲೈನ್‌ಮನೆಯಲ್ಲೇ (ಕೂಲಿಯವರಿಗೆ ಸಾಲಾಗಿ ಕಟ್ಟಿದ ಮನೆ) ಉಳಿಯುತ್ತಾರೆ. ಆ ಜೀಪು ಹತ್ತದಂತೆ ಮಗುವನ್ನು ತಡೆಯುವುದು ಮೂರೇ: ಶಾಲೆಯ ಬಿಸಿಯೂಟ, ಪರಿಚಯದ ಮೇಷ್ಟ್ರು, ವರ್ಷದ ಕೊನೆಗೆ ಪರೀಕ್ಷೆ ಇದೆ ಅನ್ನೋ ಮಾತು. ಕೋರ್ಟಿನ ಕೇಸುಗಳು ಇದರಲ್ಲಿ ಎರಡನ್ನು ಅಲುಗಾಡಿಸಿದವು.

ಪರೀಕ್ಷೆಯನ್ನೇ ನೋಡಿ. 5, 8, 9ನೇ ತರಗತಿಗೆ ಸರ್ಕಾರ ರಾಜ್ಯಮಟ್ಟದ ಪರೀಕ್ಷೆ ಇಟ್ಟಿತು. ಖಾಸಗಿ ಶಾಲೆಗಳ ಸಂಘ ಕೋರ್ಟಿಗೆ ಹೋಯಿತು. 2024ರ ಮಾರ್ಚ್ 6ಕ್ಕೆ ಹೈಕೋರ್ಟಿನ ಏಕಸದಸ್ಯ ಪೀಠ (ಒಬ್ಬರೇ ನ್ಯಾಯಾಧೀಶರು) ಪರೀಕ್ಷೆ ರದ್ದು ಮಾಡಿತು. ಮರುದಿನ ಅದೇ ಹೈಕೋರ್ಟಿನ ವಿಭಾಗೀಯ ಪೀಠ (ಇಬ್ಬರು ನ್ಯಾಯಾಧೀಶರು) ಆ ಆದೇಶಕ್ಕೆ ತಡೆ ಕೊಟ್ಟಿತು. 11ಕ್ಕೆ ಪರೀಕ್ಷೆ ಶುರುವಾಯಿತು. 12ಕ್ಕೆ ಸುಪ್ರೀಂ ಕೋರ್ಟ್ ಆದೇಶ ಬಂದು ಅರ್ಧಕ್ಕೆ ನಿಂತಿತು. 22ಕ್ಕೆ ಹೈಕೋರ್ಟ್ ಮತ್ತೆ ಒಪ್ಪಿತು, 25ರಿಂದ ಉಳಿದ ವಿಷಯ ಬರೆಸಿದರು. ಏಪ್ರಿಲ್ 8ಕ್ಕೆ ಫಲಿತಾಂಶಕ್ಕೂ ಸುಪ್ರೀಂ ಕೋರ್ಟ್ ತಡೆ ಬಿತ್ತು.

ಪರೀಕ್ಷೆ ಬೇಕೋ ಬೇಡವೋ ಅನ್ನೋ ವಾದ ಬೇರೆ. ಪೇಟೆಯ ಮನೆಗೆ ಈ ಸುದ್ದಿ ಆ ರಾತ್ರಿಯೇ ಮೊಬೈಲಿನಲ್ಲಿ ಮುಟ್ಟುತ್ತದೆ. ಸಿಗ್ನಲ್ ಸಿಗದ ಹಾಡಿಯಲ್ಲಿ ಮಗು ಬೆಳಿಗ್ಗೆ ಶಾಲೆಯವರೆಗೂ ನಡೆದು ಬಂದು, ಇವತ್ತು ಇಲ್ಲ ಅಂತ ಕೇಳಿಕೊಂಡು ಹೋಗಬೇಕು. ಪರೀಕ್ಷೆಗಾಗಿ ಮಗಳನ್ನು ಊರಲ್ಲಿ ಬಿಟ್ಟ ಅಪ್ಪ-ಅವ್ವ ಎರಡನೇ ಸಲ ಬಿಡುತ್ತಾರಾ? ಲೈನ್‌ಮನೆಗೆ ಕರೆದುಕೊಂಡು ಹೋಗುತ್ತಾರೆ. ಅವರನ್ನು ಬೈಯೋಕೆ ನನಗೆ ಮನಸ್ಸು ಬರುವುದಿಲ್ಲ.

ಇನ್ನು ಮೇಷ್ಟ್ರು. 6ರಿಂದ 8ನೇ ತರಗತಿಗೆ 15,000 ಪದವೀಧರ ಶಿಕ್ಷಕರನ್ನು ತೆಗೆದುಕೊಳ್ಳಲು 2022ರಲ್ಲಿ ಪರೀಕ್ಷೆ ನಡೆಯಿತು. ಮದುವೆಯಾದ ಹೆಣ್ಣುಮಕ್ಕಳು ಕೊಡಬೇಕಾದ ಜಾತಿ, ಆದಾಯದ ಪ್ರಮಾಣಪತ್ರ ತಂದೆಯದೋ ಗಂಡನದೋ ಅನ್ನೋದು ಕೋರ್ಟಿಗೆ ಹೋಯಿತು. ಹೈಕೋರ್ಟ್ ನೇಮಕಾತಿಗೆ ದಾರಿ ಬಿಡುವ ಹೊತ್ತಿಗೆ 2023ರ ಅಕ್ಟೋಬರ್. ಆರನೇ ತರಗತಿಗೆ ಸೇರಿದ ಮಗು ಅಷ್ಟರಲ್ಲಿ ಏಳಕ್ಕೆ ಬಂದು ಅರ್ಧ ವರ್ಷವಾಗಿತ್ತು. ಅಲ್ಲಿಯವರೆಗೆ ಅತಿಥಿ ಶಿಕ್ಷಕರೇ ಗತಿ. ಪಾಪ, ಅವರೂ ಕಷ್ಟಪಟ್ಟು ಪಾಠ ಮಾಡುತ್ತಾರೆ. ಆದರೆ ಮುಂದಿನ ವರ್ಷ ಅವರೇ ಇರುತ್ತಾರೆ ಅಂತ ಗ್ಯಾರಂಟಿ ಇಲ್ಲ. ಗೈರಾದ ಮಗುವನ್ನು ಹುಡುಕಿಕೊಂಡು ಹಾಡಿಗೆ ಬರುವವರು ಮಗುವಿನ ಹೆಸರು, ಮನೆ ಗೊತ್ತಿರುವ ಮೇಷ್ಟ್ರೇ ಅಲ್ವಾ?

ಮನೆಯೊಳಗಿನ ಕೇಸು ಇನ್ನೂ ಕಷ್ಟ. ಅಪ್ಪನ ಮೇಲೆ ಅರಣ್ಯದ ಕೇಸು ಇದ್ದರೆ ವಾಯಿದೆ ದಿನ ಅವನು ಕೋರ್ಟಿಗೆ, ಅವ್ವ ಕೂಲಿಗೆ. ಚಿಕ್ಕ ಮಕ್ಕಳನ್ನು ನೋಡಿಕೊಳ್ಳಲು ದೊಡ್ಡ ಹುಡುಗಿ ಶಾಲೆ ಬಿಡುತ್ತಾಳೆ. ಹಾಜರಿ ಪುಸ್ತಕದಲ್ಲಿ ಅದು ಬರೀ ಗೈರು.

ಕಾಡಿನೊಳಗಿನ ಹಾಡಿಗೆ ಶಾಲೆ ಕಟ್ಟಲು ಕಾನೂನು ಬಿಡುವುದಿಲ್ಲ ಅಂತ ಹೇಳುವವರು ಇದ್ದಾರೆ. 2006ರ ಅರಣ್ಯ ಹಕ್ಕು ಕಾಯ್ದೆಯಲ್ಲೇ ಅದಕ್ಕೆ ದಾರಿ ಇದೆ. ಗ್ರಾಮಸಭೆ ಶಿಫಾರಸು ಮಾಡಿದರೆ ಒಂದು ಹೆಕ್ಟೇರ್‌ಗಿಂತ ಕಡಿಮೆ ಅರಣ್ಯ ಜಾಗವನ್ನು ಶಾಲೆಗೆ ಕೊಡಬಹುದು.

ಕೊಡಗಿನ ಕಡೆ ಹೋದಾಗ ಲೈನ್‌ಮನೆ ಮುಂದೆ ಶಾಲೆ ವಯಸ್ಸಿನ ಮಗು ಕಂಡರೆ ಅವರ ಮನೆಯವರನ್ನು ಮಾತಾಡಿಸಿ. ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ 6ರಿಂದ 14 ವರ್ಷದ ಮಗುವನ್ನು ವರ್ಷದ ನಡುವೆಯೂ ಹತ್ತಿರದ ಸರ್ಕಾರಿ ಶಾಲೆ ಸೇರಿಸಿಕೊಳ್ಳಲೇಬೇಕು. ಟಿಸಿ ಬಂದಿಲ್ಲ ಅಂತ ವಾಪಸ್ ಕಳಿಸಿದರೆ 5ನೇ ಸೆಕ್ಷನ್ ತೋರಿಸಿ. ವಯಸ್ಸಿನ ದಾಖಲೆ ಇಲ್ಲ ಅಂದರೆ 14ನೇ ಸೆಕ್ಷನ್.